ರಾಡ್ ತಗೊಳ್ಳುವ ಮುಂಚೆ ಅದರ ತುದಿ ನೋಡಿ

ಇಂಗ್ಲೆಂಡಿಗೆ ಹೊಸದಾಗಿ ಬಂದ ಗೆಳೆಯನೊಬ್ಬ ಮೊನ್ನೆ ಮೆಸೇಜ್ ಮಾಡಿದ್ದ. ಮನೆ ಹತ್ತಿರದ ಕೆರೆಯಲ್ಲಿ ಗಾಳ ಹಾಕಬೇಕು, ಯಾವ ಫೀಡರ್ ರಾಡ್ (ಮೀನಿನ ಮೇವು ತುಂಬಿದ ಪುಟ್ಟ ಪಂಜರವನ್ನು, ಅಂದರೆ ಫೀಡರನ್ನು, ಎಸೆಯುವ ಗಾಳದ ಕೋಲು) ತಗೊಳ್ಳಲಿ ಅಂತ. ಜೊತೆಗೆ 13 ಅಡಿಯ ಒಂದು ರಾಡ್‌ನ ಫೋಟೋ. ಬೇಡ ಮಾರಾಯ ಅಂದೆ. ಯಾಕೆ ಅಂತ ಇಲ್ಲೇ ಬರೆಯುತ್ತೇನೆ, ಇನ್ನೂ ನಾಲ್ಕು ಜನರ ದುಡ್ಡು ಉಳಿದೀತು.

ನಾನೂ ಅದನ್ನೇ ಮಾಡಿದವನು. ಅಂಗಡಿಯವನು "ಉದ್ದ ಇದ್ದಷ್ಟೂ ಒಳ್ಳೆಯದು, ಮುಂದೆ ನದಿಗೂ ಆಗುತ್ತೆ" ಅಂದ. 13 ಅಡಿ, 120 ಗ್ರಾಂ ಎಸೆಯುವ ತಾಕತ್ತು. ನಾನು ಕೂರುತ್ತಿದ್ದದ್ದು ಎಲ್ಲಿ? ರೆಡಿಂಗ್ ಪಕ್ಕದ ಒಂದು ಪುಟ್ಟ ಕೆರೆ. ಆಚೆ ದಡ 25 ಮೀಟರ್ ಇದ್ದರೆ ಜಾಸ್ತಿ, ತಲೆ ಮೇಲೆ ವಿಲ್ಲೋ ಮರ. ಮೊದಲ ದಿನವೇ ಫೀಡರ್ ಕೊಂಬೆಗೆ ಸುತ್ತಿಕೊಂಡು ಜೋಕಾಲಿ ಆಡಿತು. ಎರಡನೇ ದಿನ ರೋಚ್ ಮೀನು ಕಚ್ಚಿದ್ದೇ ಗೊತ್ತಾಗಲಿಲ್ಲ. ಎಳೆದು ನೋಡಿದರೆ ಕೊಕ್ಕೆಯಲ್ಲಿ ಮ್ಯಾಗಟ್‌ನ (ಗಾಳಕ್ಕೆ ಸಿಕ್ಕಿಸುವ ನೊಣದ ಮರಿಹುಳ) ಬರೀ ಸಿಪ್ಪೆ!

ಊರಲ್ಲಿ ಬಿದಿರು ಕೋಲು, ಎರೆಹುಳ, ಬೆಂಡು. ಬೆಂಡು ಮುಳುಗಿತೋ, ಎಳೆದೆವು. ಫೀಡರ್‌ನಲ್ಲಿ ಬೆಂಡೇ ಇಲ್ಲ. ತೂಕ ಕಟ್ಟಿದ ಪುಟ್ಟ ಪಂಜರಕ್ಕೆ ಒದ್ದೆ ಹಿಟ್ಟು ತುಂಬಿ ತಳಕ್ಕೆ ಬಿಡುತ್ತೇವೆ, ಕೊಕ್ಕೆ ಅದರ ಪಕ್ಕದಲ್ಲೇ ಬಿದ್ದಿರುತ್ತದೆ. ಬೆಂಡಿನ ಕೆಲಸ ಮಾಡುವುದು ರಾಡ್‌ನ ತುದಿ, ಅಂದರೆ ಕ್ವಿವರ್ ಟಿಪ್. ಕಿತ್ತಳೆ ಬಣ್ಣ ಬಳಿದ, ಬೆಂಕಿಕಡ್ಡಿಗಿಂತ ತೆಳ್ಳಗಿನ ಕಡ್ಡಿ. ಸಾಮಾನ್ಯವಾಗಿ ರಾಡ್ ಜೊತೆ ಎರಡು ಮೂರು ಕೊಡುತ್ತಾರೆ. ಅದರ ಬಿಗಿಯನ್ನು ಔನ್ಸ್‌ನಲ್ಲಿ ಅಳೆಯುತ್ತಾರೆ. ನಿಂತ ನೀರಿಗೆ ಮುಕ್ಕಾಲು ಅಥವಾ 1 ಔನ್ಸ್‌ನ ಗ್ಲಾಸ್ ಫೈಬರ್ ಟಿಪ್ ಸಾಕು, ರೋಚ್ ಮುತ್ತಿಟ್ಟರೂ ನಡುಗುತ್ತದೆ. ನದಿಯಲ್ಲಿ ಅದನ್ನೇ ಹಾಕಿದರೆ ಮೀನು ಬರುವ ಮುಂಚೆ ಸೆಳೆತವೇ ಬಗ್ಗಿಸಿಬಿಡುತ್ತದೆ, ಅಲ್ಲಿಗೆ 2-3 ಔನ್ಸ್ ಬೇಕು.

ಇನ್ನೊಂದು ಮಜಾ ಇದೆ. ಕಚ್ಚಿದಾಗೆಲ್ಲ ಟಿಪ್ ಬಗ್ಗಲೇಬೇಕು ಅಂತಿಲ್ಲ. ಒಮ್ಮೆ ಥೇಮ್ಸ್‌ನಲ್ಲಿ ಬಗ್ಗಿದ್ದ ಟಿಪ್ ಇದ್ದಕ್ಕಿದ್ದಂತೆ ನೆಟ್ಟಗಾಯಿತು. ದಾರ ಸಡಿಲವಾಯಿತೇನೋ ಅಂತ ಸುಮ್ನೆ ನೋಡುತ್ತಾ ಕೂತೆ. ಬ್ರೀಮ್ ಮೀನು ಫೀಡರ್ ಸಮೇತ ನನ್ನ ಕಡೆಗೇ ಬಂದಿತ್ತು. ನಾನು ಟೀ ಕಪ್ ಕೆಳಗಿಟ್ಟು ರಾಡ್ ಎತ್ತುವಷ್ಟರಲ್ಲಿ ಹೋಗೇಬಿಟ್ಟಿತು.

ರಾಡ್ ಮೇಲೆ ಬರೆದ ಗ್ರಾಂ ಲೆಕ್ಕದಲ್ಲೂ ಎಷ್ಟೋ ಜನ ಎಡವುತ್ತಾರೆ. 30 ಗ್ರಾಂ ಫೀಡರ್ ಅಂದರೆ ಖಾಲಿ ಫೀಡರ್. ಒದ್ದೆ ಹಿಟ್ಟು ಒತ್ತಿ ತುಂಬಿದರೆ 50 ದಾಟಬಹುದು. 40 ಗ್ರಾಂವರೆಗೆ ಎಸೆಯಬಲ್ಲ ರಾಡ್‌ನಲ್ಲಿ ಅದನ್ನು ಬೀಸಿ ಎಸೆದು ಮುರಿದುಕೊಂಡರೆ ರಾಡ್ ಬೈದು ಏನು ಪ್ರಯೋಜನ? ಬೇರೆ ಟಿಪ್ ಕೊಳ್ಳುವಾಗ ಬುಡದ ದಪ್ಪವನ್ನೂ ಅಳೆದುಕೊಳ್ಳಿ. ಒಂದಕ್ಕೆ 2.2 ಮಿ.ಮೀ., ಇನ್ನೊಂದಕ್ಕೆ 3. ನಾನು ಒಂದನ್ನು ಮರಳು ಕಾಗದದಲ್ಲಿ ಉಜ್ಜಿ ಉಜ್ಜಿ ಕೂರಿಸಿದ್ದೇನೆ, ನೀವು ಆ ಗೋಳು ಪಡಬೇಡಿ.

ನನ್ನ ಕೇಳಿದರೆ ಕೆರೆಗೆ 10 ಅಡಿ, ಹೆಚ್ಚೆಂದರೆ 11. ಎರಡು ಭಾಗವಾಗಿ ಬಿಚ್ಚಿದರೆ ಸಣ್ಣ ಕಾರಿನಲ್ಲೂ ಹಿಡಿಯುತ್ತದೆ. ಟ್ರೆಂಟ್, ಸೆವರ್ನ್ ಥರದ ನದಿಯಲ್ಲಿ ಬಾರ್ಬೆಲ್ ಮೀನು ಹಿಡಿಯುವ ಆಸೆ ಇದ್ದರೆ 12 ಅಡಿ ಬೇಕೇ ಬೇಕು, ತುದಿ ಮೇಲೆತ್ತಿ ಇಟ್ಟು ದಾರವನ್ನು ಸೆಳೆತದಿಂದ ತಪ್ಪಿಸಬೇಕಲ್ವಾ. ಆದರೆ ಅದು ಬೇರೆ ರಾಡ್. ಎರಡಕ್ಕೂ ಒಂದೇ ಅನ್ನುವುದು ಮಾರುವವರ ಮಾತು.

ಹಾಂ, 13 ವರ್ಷ ತುಂಬಿದವರಿಗೆ ಲೈಸೆನ್ಸ್ ಬೇಕು, ಮರೆಯಬೇಡಿ. ಮಾರ್ಚ್ 15ರಿಂದ ಜೂನ್ 15ರವರೆಗೆ ನದಿಗಳಲ್ಲಿ ಈ ಮೀನುಗಳನ್ನು ಹಿಡಿಯುವ ಹಾಗಿಲ್ಲ. ನಾವು ಹೋಗುವ ಕೆರೆಯಲ್ಲಿ ಹಿಡಿದದ್ದನ್ನೆಲ್ಲ ವಾಪಸ್ ಬಿಡಬೇಕು. ಅಮ್ಮ ವಿಡಿಯೋ ಕಾಲ್‌ನಲ್ಲಿ ಕೇಳಿದ್ದು ಒಂದೇ: "ಬಿಡೋದಕ್ಕೆ ಅಷ್ಟು ದುಡ್ಡಾ?"

13 ಅಡಿ ರಾಡ್ ಬೀರು ಹಿಂದೆ ನಿಂತಿದೆ. ಜೂನ್ 16ಕ್ಕೆ ಅದನ್ನು ಥೇಮ್ಸ್‌ಗೆ ಕರೆದುಕೊಂಡು ಹೋಗುತ್ತೇನೆ. ಬರುವವರಿದ್ದರೆ ಹೇಳಿ, ಫ್ಲಾಸ್ಕ್‌ನಲ್ಲಿ ಕಾಫಿ ನನ್ನದು.