ಬೆಳ್ಳಿ ರೂಪಾಯಿ ಮೇಲಿನ ಗೀರು ಟಂಕಸಾಲೆಯ ತಪ್ಪಾ?

ವಿಕ್ಟೋರಿಯಾ ರೂಪಾಯಿ ಮೇಲೆ ವಿಚಿತ್ರ ಗುರುತಿದ್ದರೆ ಲಕ್ಷಗಟ್ಟಲೆ ಬೆಲೆ ಅನ್ನೋ ಮೆಸೇಜು ಹಾಸನದ ಗ್ರೂಪುಗಳಲ್ಲೂ ಸುತ್ತುತ್ತಿರುತ್ತದೆ. ಮನೆಯಲ್ಲಿ ಅಜ್ಜಿಯ ನಾಣ್ಯ ಇದ್ದವರಿಗೆ ಆಸೆಯಾಗೋದು ಸಹಜ. ಆದರೆ ಇಂಥ ಗುರುತುಗಳಲ್ಲಿ ಹೆಚ್ಚಿನವು ಟಂಕಸಾಲೆಯಿಂದ ಹೊರಬಂದ ಮೇಲೆ ಆದ ಪೆಟ್ಟು. ಇಂಥ ರೂಪಾಯಿಗೆ ಕೊಂಡಿ ಬೆಸೆದು ಸರಕ್ಕೆ ಪೋಣಿಸುತ್ತಿದ್ದರು. ಕೊಂಡಿ ಕಿತ್ತ ಕಡೆ ಅಂಚಿನ ಗೆರೆಗಳು ಅಳಿಸಿ, ಬೆಸುಗೆಯ ಕಲೆ ಉಳಿಯುತ್ತದೆ.

ಭೂತಗನ್ನಡಿ ಹಿಡಿದು ನೋಡಿ. ಗೀರು ತಗ್ಗಾಗಿದ್ದು, ಪಕ್ಕದಲ್ಲಿ ಬೆಳ್ಳಿ ಏರಿ ನಿಂತಿದ್ದರೆ ಅದು ಆಮೇಲೆ ಬಿದ್ದದ್ದು. ಟಂಕಸಾಲೆಯಲ್ಲಿ ನಾಣ್ಯ ಒತ್ತುವ ಅಚ್ಚೇ ಬಿರುಕು ಬಿಟ್ಟಿದ್ದರೆ ನಾಣ್ಯದ ಮೇಲೆ ಉಬ್ಬಿದ ಗೆರೆ ಬರುತ್ತದೆ, ತಗ್ಗಲ್ಲ. ತೂಕವನ್ನೂ ನೋಡಿ: ಟಂಕಸಾಲೆಯಿಂದ ಬಂದಾಗ 11.66 ಗ್ರಾಂ. ಅರ ಹಾಕಿದ್ದರೆ ಕಡಿಮೆ ತೂಗುತ್ತದೆ. ನೋಡೋ ಮೊದಲು ಹುಣಸೆಹಣ್ಣು ಹಾಕಿ ಮಾತ್ರ ಉಜ್ಜಬೇಡಿ, ಇದ್ದ ಬೆಲೆಯೂ ಇಳಿಯುತ್ತದೆ.