ಟೊಂಗಾರಿರೊದ ಸರೋವರಗಳಿಗೆ ದಯವಿಟ್ಟು ಇಳಿಯಬೇಡಿ

ನ್ಯೂಜಿಲೆಂಡಿನ ಜ್ವಾಲಾಮುಖಿ ಪರ್ವತಗಳ ನಡುವೆ ಸಾಗುವ ಟೊಂಗಾರಿರೊ ಆಲ್ಪೈನ್ ಕ್ರಾಸಿಂಗ್ ಚಾರಣ ಮುಗಿಸಿ ಬಂದ ಮೇಲೂ ನನ್ನ ಸಿಟ್ಟು ಇಳಿದಿಲ್ಲ. ರೆಡ್ ಕ್ರೇಟರ್ ಎಂಬ ಜ್ವಾಲಾಮುಖಿ ಕುಳಿಯ ಅಂಚಿನಿಂದ ಕಾಲಿಟ್ಟಲ್ಲೆಲ್ಲ ಜಾರುವ ಪುಡಿಗಲ್ಲಿನ ಮೇಲೆ ಇಳಿದು ಎಮರಾಲ್ಡ್ ಸರೋವರಗಳ ದಡ ಸೇರಿದಾಗ, ಒಂದು ಗುಂಪಿನವರು ಶೂ ಕಳಚಿ ನೀರಿಗಿಳಿದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಈ ನೀರನ್ನು ಮುಟ್ಟಬಾರದು, ಇದು ಇಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರಿಗೆ ಪವಿತ್ರವಾದದ್ದು ಎಂದು ಹೇಳಿದರೆ, ಅವರಲ್ಲೊಬ್ಬರು ನನ್ನನ್ನೇ ವಿಚಿತ್ರವಾಗಿ ನೋಡಿದರು.

ಸುಮಾರು 20 ಕಿಲೋಮೀಟರ್ ದೂರದ, ಬೆಳಗಿನಿಂದ ಸಂಜೆಯವರೆಗೆ ನಡೆಯಬೇಕಾದ ದಾರಿಯಿದು. ಮಂಗಟೆಪೊಪೊ ಕಣಿವೆಯ ಹಳೆಯ ಲಾವಾದ ನಡುವೆ ಆರಂಭವಾಗಿ, ಕಡಿದಾದ ಏರನ್ನು ಹತ್ತಿ, ಬಟ್ಟಬಯಲಾದ ಸೌತ್ ಕ್ರೇಟರನ್ನು ದಾಟಿ, ಕಬ್ಬಿಣದ ಅಂಶದಿಂದ ಕೆಂಪಾದ ರೆಡ್ ಕ್ರೇಟರ್ ತಲುಪುವ ಹೊತ್ತಿಗೆ ಬೂಟಿನಡಿಯ ನೆಲವೇ ಬೆಚ್ಚಗಿರುತ್ತದೆ. ಅಲ್ಲಿನ ಬಿಸಿ ನೆಲದಿಂದ ಖನಿಜಗಳು ಕರಗಿ ಹರಿದು ಬರುವುದರಿಂದಲೇ ಕೆಳಗಿನ ಸರೋವರಗಳಿಗೆ ಆ ಹಸಿರು ಬಣ್ಣ. ಅಷ್ಟು ನಡೆದು ಬಂದವರಿಗೆ ಆ ಬಣ್ಣವನ್ನು ನಿಂತು ನೋಡುವುದು ಸಾಲದೆ ಹೋಯಿತೇ?

ನೀರಿಗೆ ಕಾಲಿಟ್ಟರೆ ಏನು ಕಳೆದುಹೋಗುತ್ತದೆ, ಪ್ರಕೃತಿ ಎಲ್ಲರದಲ್ಲವೇ ಎಂದು ಕೇಳುವವರಿದ್ದಾರೆ. ಈ ಪರ್ವತಗಳು ಎಲ್ಲರದಾದದ್ದು ಹೇಗೆಂದು ಅವರು ಮೊದಲು ತಿಳಿದುಕೊಳ್ಳಲಿ. ತಮ್ಮ ಪೂರ್ವಿಕರೆಂದೇ ಭಾವಿಸುವ ಈ ಶಿಖರಗಳು ತುಂಡುತುಂಡಾಗಿ ಮಾರಾಟವಾಗದಿರಲೆಂದು, ಮಾವೊರಿಗಳ ನ್ಗಾಟಿ ಟುಫಾರೆಟೊವಾ ಬುಡಕಟ್ಟಿನ ನಾಯಕ ಹೊರೊನುಕು ಟೆ ಹೆಯುಹೆಯು ಅವರು 1887ರಲ್ಲಿ ಅವುಗಳನ್ನು ಬ್ರಿಟಿಷ್ ರಾಣಿಯ ಆಡಳಿತಕ್ಕೆ ಒಪ್ಪಿಸಿದರು. ಆ ದೇಶದ ಮೊದಲ ರಾಷ್ಟ್ರೀಯ ಉದ್ಯಾನ ಹುಟ್ಟಿದ್ದು ಅದರಿಂದ. ಅವರು ಒಪ್ಪಿಸಿದ್ದರಿಂದಲೇ ಒಳಗೆ ಬರಲು ಸಾಧ್ಯವಾದವರು, ಅದೇ ಜನ ಪವಿತ್ರವೆಂದು ಕಾಪಾಡುವ ನೀರಿಗೆ ಕಾಲಿಟ್ಟು ಇದು ಎಲ್ಲರದೆನ್ನುವುದನ್ನು ನಾನು ಒಪ್ಪಲಾರೆ. 1990ರಲ್ಲಿ ನೈಸರ್ಗಿಕ ಮಹತ್ವಕ್ಕಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಸ್ಥಳವನ್ನು ಯುನೆಸ್ಕೊ 1993ರಲ್ಲಿ ಸಾಂಸ್ಕೃತಿಕ ಭೂದೃಶ್ಯವೆಂದೂ ಗುರುತಿಸಿತು. ಜಗತ್ತಿನಲ್ಲಿ ಆ ಮನ್ನಣೆ ಪಡೆದ ಮೊದಲ ತಾಣವಿದು. ಅಂದರೆ ಆ ಜನರ ನಂಬಿಕೆಯೂ ಈ ಪರಂಪರೆಯ ಭಾಗವೇ.

ನಾನು ದೇವರನ್ನು ನಂಬುವವನಲ್ಲ ಎಂಬುದು ನಿಮಗೆಲ್ಲ ಗೊತ್ತು. ಆದರೂ ಇದೇ ದಾರಿಯ ಇನ್ನೊಂದು ಪವಿತ್ರ ಸರೋವರವಾದ ಬ್ಲೂ ಲೇಕ್ ದಡದಲ್ಲಿ ತಿನ್ನುವುದು, ಕುಡಿಯುವುದು ಅಗೌರವವೆಂದು ತಿಳಿದಿದ್ದರಿಂದ, ಹಸಿವಾಗಿದ್ದರೂ ಬುತ್ತಿ ಬಿಚ್ಚದೆ ಮುಂದೆ ನಡೆದೆ. ಇನ್ನೊಬ್ಬರಿಗೆ ಪೂಜ್ಯವಾದದ್ದನ್ನು ಗೌರವಿಸಲು ನಮಗೆ ಆ ನಂಬಿಕೆಯೇ ಇರಬೇಕಾಗಿಲ್ಲ. ನ್ಗೌರುಹೊಯೆ ಶಿಖರದ ವಿಷಯವೂ ಇದೇ. 2,287 ಮೀಟರ್ ಎತ್ತರದ ಆ ಸುಂದರ ಶಂಕುವನ್ನು ಹತ್ತಬೇಡಿ ಎಂದು ಸಂರಕ್ಷಣಾ ಇಲಾಖೆ ಕೇಳಿಕೊಳ್ಳುತ್ತದೆ, ಗುರುತು ಹಾಕಿದ ದಾರಿಯೂ ಇಲ್ಲ. ‘ಲಾರ್ಡ್ ಆಫ್ ದ ರಿಂಗ್ಸ್’ ಚಲನಚಿತ್ರದಲ್ಲಿ ಕಂಡ ಬೆಟ್ಟವೆಂದು ಜನ ಹತ್ತಿದ್ದಾರೆ, ಹತ್ತುತ್ತಿದ್ದಾರೆ.

ನನ್ನನ್ನು ಹೆಚ್ಚು ಕೆರಳಿಸುವುದು ಇನ್ನೊಂದು. 2012ರ ಆಗಸ್ಟ್‌ನಲ್ಲಿ ಈ ದಾರಿಯ ಸಮೀಪದ ಟೆ ಮಾರಿ ಜ್ವಾಲಾಮುಖಿ ಕುಳಿ ಸ್ಫೋಟಿಸಿ, ಚಿಮ್ಮಿದ ಬಂಡೆಗಳು ಚಾರಣಿಗರ ಕೆಟೆಟಾಹಿ ತಂಗುಮನೆಯನ್ನು ಒಡೆದವು. ಜ್ವಾಲಾಮುಖಿ ಅಪಾಯದ ವಲಯದಲ್ಲಿ ನಿಲ್ಲಬೇಡಿ ಎಂಬ ಫಲಕವನ್ನು ಕಂಡರೆ ಎಲ್ಲರೂ ಬೇಗಬೇಗನೆ ಸಾಗುತ್ತಾರೆ. ತಮ್ಮ ಜೀವದ ಕುರಿತ ಸೂಚನೆಯನ್ನು ಚಾಚೂತಪ್ಪದೆ ಪಾಲಿಸುವವರೇ, ಇತರರ ಮನಸ್ಸಿನ ಕುರಿತ ಸೂಚನೆಯನ್ನು ಕಡೆಗಣಿಸುತ್ತಾರೆ.

ಚಾರಣಿಗರನ್ನು ಬಸ್ಸಿನಲ್ಲಿ ಕರೆತರುವವರು ಹವಾಮಾನದ ಬಗ್ಗೆಯೂ ಮರಳುವ ಬಸ್ಸಿನ ಸಮಯದ ಬಗ್ಗೆಯೂ ವಿವರವಾಗಿ ಹೇಳಿದರು, ಸರೋವರಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೆಳಗಿಳಿದ ಕೂಡಲೇ ಅವರಿಗೆ ಇದನ್ನೆಲ್ಲ ಪತ್ರದಲ್ಲಿ ಬರೆದಿದ್ದೇನೆ. ನಿಮ್ಮಲ್ಲಿ ಯಾರಾದರೂ ಅಲ್ಲಿಗೆ ಹೋಗುವವರಿದ್ದರೆ, ಸರೋವರಗಳ ಬಗ್ಗೆಯೂ ಹೇಳಿ ಎಂದು ನೀವೂ ಅವರನ್ನು ಕೇಳಿಕೊಳ್ಳಿ.