ಸೋರುವುದು ಮೇಲೆ, ಬಣ್ಣ ಕೆಳಗೆ

ಸರ್ಕಾರಿ ಕಟ್ಟಡ ಸೋರಿದರೆ ಮೊದಲು ಕೆಳಗೊಂದು ಬಕೆಟ್ ಬರುತ್ತದೆ. ಆಮೇಲೆ ಬಣ್ಣ ಬರುತ್ತದೆ. ಮೆಟ್ಟಿಲು ಹತ್ತಿ ತಾರಸಿ ನೋಡುವುದು ಯಾರ ಕೆಲಸ ಎಂಬ ಆದೇಶ ಮಾತ್ರ ಇನ್ನೂ ಬಂದಿಲ್ಲ.

ಬಣ್ಣದ ಮೇಲೆ ನಮ್ಮವರಿಗೆ ಅಪಾರ ನಂಬಿಕೆ. ನೀರು ಇಳಿಯುವುದು ಮೇಲಿನಿಂದ, ಬಳಿಯುವುದು ಕೆಳಗಿನಿಂದ. ಸ್ಲ್ಯಾಬಿನಲ್ಲಿ ಸಿಕ್ಕಿಕೊಂಡ ತೇವ ದಾರಿ ಕಾಣದೆ ಬಣ್ಣವನ್ನೇ ಗುಳ್ಳೆ ಎಬ್ಬಿಸುತ್ತದೆ. ಬಣ್ಣ ಉದುರಿದ ಕಡೆ ಒಳಗಿನ ಉಪ್ಪು ಬಿಳಿಯಾಗಿ ಹೊರಗೆ ಮೂಡುತ್ತದೆ. ಬಣ್ಣ ಕಳಪೆ ಅಂತ ವರದಿ ಬರುತ್ತದೆ. ಮುಂದಿನ ವರ್ಷ ಇನ್ನೂ ದುಬಾರಿ ಬಣ್ಣ!

ಇದೆಲ್ಲ ಶುರುವಾಗುವುದು ಕಾಂಕ್ರೀಟ್ ಕಲಸುವ ದಿನ. ಸಿಮೆಂಟಿಗೆ ಅದರ ತೂಕದ ಶೇ 40ರಷ್ಟು ನೀರಿದ್ದರೆ ಸಾಕು. ಆದರೆ ಗಟ್ಟಿ ಕಾಂಕ್ರೀಟ್ ಹರಡಲು ಬೆನ್ನು ಬಗ್ಗಬೇಕಲ್ಲ? ಪೈಪು ಬಿಡುತ್ತಾರೆ. ಹೆಚ್ಚಾದ ನೀರು ಆಮೇಲೆ ಆವಿಯಾಗುತ್ತದೆ, ತಾನಿದ್ದ ಜಾಗದಲ್ಲಿ ಕಣ್ಣಿಗೆ ಕಾಣದ ರಂಧ್ರಗಳನ್ನು ಬಿಟ್ಟು. ಮಳೆನೀರು ನುಗ್ಗುವುದು ಅದೇ ದಾರಿಯಲ್ಲಿ. ತಮಾಷೆ ಏನೆಂದರೆ, ಬೇಡದಾಗ ಪೈಪು ಬಿಟ್ಟವರಿಗೆ ಹಾಕಿದ ಕಾಂಕ್ರೀಟಿಗೆ ನೀರುಣಿಸಿ ಗಟ್ಟಿ ಮಾಡುವ ಕ್ಯೂರಿಂಗ್ ಹೊತ್ತಿಗೆ ನೀರಿನ ಬೆಲೆ ಗೊತ್ತಾಗಿಬಿಡುತ್ತದೆ. ಕನಿಷ್ಠ 7 ದಿನ ಒದ್ದೆಯಾಗಿಡಿ ಅಂದರೆ ಒಂದು ಗೋಣಿಚೀಲ ನೆನೆಸಿ, ಫೋಟೊ ತೆಗೆದು ಕಡತಕ್ಕೆ ಸೇರಿಸುತ್ತಾರೆ. ಕಡತ ಚೆನ್ನಾಗಿ ಕ್ಯೂರ್ ಆಗುತ್ತದೆ.

ನೆಲದ್ದು ಇನ್ನೊಂದು ಕಥೆ. ಹಸಿ ಕಾಂಕ್ರೀಟಿನ ಮೇಲೆ ನೀರು ತೇಲಿದಾಗ ಒಣ ಸಿಮೆಂಟ್ ಉದುರಿಸಿ ತಿಕ್ಕಿದರೆ ಉದ್ಘಾಟನೆಗೆ ಫಳಫಳ ಹೊಳೆಯುತ್ತದೆ. ಆ ತೆಳು ಪದರಕ್ಕೆ ಗಟ್ಟಿತನವಿಲ್ಲ. ಓಡಾಡಿದಷ್ಟೂ ಧೂಳಾಗುತ್ತದೆ, ಗುಡಿಸಿದಷ್ಟೂ ನೆಲವೇ ಹೋಗುತ್ತದೆ.

ಕಂಬಿಯ ಪಾಡು ಕೇಳಿ. ಒಳ್ಳೆಯ ಕಾಂಕ್ರೀಟಿನ ಪಿಎಚ್, ಅಂದರೆ ಕ್ಷಾರದ ಅಳತೆ, 12ಕ್ಕಿಂತ ಜಾಸ್ತಿ. ಆ ಕ್ಷಾರವೇ ಕಂಬಿಗೆ ಕಾವಲು. ರಂಧ್ರಗಳಲ್ಲಿ ಕಾರ್ಬನ್ ಡೈಆಕ್ಸೈಡ್ ನುಗ್ಗಿ ಪಿಎಚ್ 9ರ ಹತ್ತಿರ ಇಳಿದರೆ ಕಾವಲುಗಾರ ಮನೆಗೆ ಹೋದ ಹಾಗೆ. ಮುಂದೆ ನೀರು, ಗಾಳಿ ಸೇರಿ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಕೇಳುತ್ತದೆ. ಅರ್ಜಿ ಗಿರ್ಜಿ ಹಾಕಿ ಕಾಯುವ ಸ್ವಭಾವ ಅದಕ್ಕಿಲ್ಲ. ಕಾಂಕ್ರೀಟ್ ಒಡೆದುಕೊಂಡೇ ಬರುತ್ತದೆ. ಸಜ್ಜೆಯ ಚೂರು ಬಿದ್ದ ಮರುದಿನ ಅಲ್ಲೊಂದು ಫಲಕ: ‘ಇಲ್ಲಿ ನಿಲ್ಲಬಾರದು’. ಕಟ್ಟಡ ಬಿಟ್ಟು ಜನರನ್ನು ರಿಪೇರಿ ಮಾಡುವುದು ಅಗ್ಗದ ವಿಧಾನ, ಒಪ್ಪಬೇಕು.

ಮದ್ದು ಇಲ್ಲದೆ ಏನಿಲ್ಲ. ಹೊರಗೋಡೆಗೆ, ಸೇತುವೆಗೆ ಹಚ್ಚುವ ಸಿಲೇನ್ ಎಂಬ ರಾಸಾಯನಿಕ ಇದೆ. ರಂಧ್ರದೊಳಗೆ ಇಳಿದು ನೀರನ್ನು ತಡೆಯುತ್ತದೆ, ಆವಿಯನ್ನು ಹೊರಗೆ ಬಿಡುತ್ತದೆ. ಹಚ್ಚಿದ್ದೇ ಕಾಣುವುದಿಲ್ಲ. ಅದೇ ಅದರ ದೊಡ್ಡ ದೋಷ. ಕಾಣದ ಕೆಲಸದ ಮುಂದೆ ರಿಬ್ಬನ್ ಕಟ್ಟುವುದು ಎಲ್ಲಿಗೆ? ತಾರಸಿಗೆ 100 ಅಡಿಗೆ 1 ಅಡಿಯಷ್ಟು ಇಳಿಜಾರು ಕೊಟ್ಟು, ನೀರು ಹೋಗುವ ಕಿಂಡಿಯಲ್ಲಿ ಸಿಕ್ಕಿದ ಎಲೆ ತೆಗೆದರೆ ಅರ್ಧ ಸೋರಿಕೆ ಹುಟ್ಟುವುದೇ ಇಲ್ಲ. ಆದರೆ ಎಲೆ ತೆಗೆಯಲು ಟೆಂಡರ್ ಕರೆಯುವಂತಿಲ್ಲ, ಶಿಲಾಫಲಕವನ್ನೂ ನೆಡುವಂತಿಲ್ಲ. ಇರಲಿ ಬಿಡಿ, ಕಟ್ಟಡ ಕೆಡವುವ ಟೆಂಡರ್ ಆದಾಗ ಎಲೆಯೂ ಅದರ ಜತೆಗೇ ಹೋಗುತ್ತದೆ.